ಹಾಲೆ ಮರ: ಹಸಿ ದಿಮ್ಮಿಯಿಂದ ಅರಗಿನ ಹೊಳಪಿನವರೆಗೆ

ಚನ್ನಪಟ್ಟಣದ ಬೊಂಬೆಯ ಬಣ್ಣ ಅಷ್ಟು ನಯವಾಗಿ ಕೂರುವುದಕ್ಕೆ ಅರ್ಧ ಕಾರಣ ಅರಗು, ಇನ್ನರ್ಧ ಅದರಡಿಯ ಹಾಲೆ ಮರ. ಲೇತ್ (ಮರವನ್ನು ಸುತ್ತಿಸಿ ಕಡೆಯುವ ಯಂತ್ರ) ಕೆಲಸ ಕಲಿಯುವವರು ಸಾಮಾನ್ಯವಾಗಿ ಉಳಿ ಹಿಡಿಯುವುದನ್ನೂ ಬಣ್ಣ ಹಚ್ಚುವುದನ್ನೂ ಶ್ರದ್ಧೆಯಿಂದ ಕಲಿಯುತ್ತಾರೆ, ಮರ ಒಣಗಿಸುವುದನ್ನು ಮಾತ್ರ ವ್ಯಾಪಾರಿಗೆ ಬಿಟ್ಟುಬಿಡುತ್ತಾರೆ. ಆದರೆ ಈ ಮರದಲ್ಲಿ ಕೆಡುವುದೆಲ್ಲ ಬಹುಪಾಲು ಲೇತಿಗೆ ಏರುವ ಮೊದಲೇ ಕೆಟ್ಟಿರುತ್ತದೆ. ಅದಕ್ಕೇ ಈ ಬರಹದಲ್ಲಿ ಒಣಗಿಸುವುದಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಯಾವ ಹಾಲೆ?

ಇಲ್ಲಿ ಹೇಳುತ್ತಿರುವುದು ರೈಟಿಯಾ ಟಿಂಕ್ಟೋರಿಯಾ ಎಂಬ ಮರ. ಚನ್ನಪಟ್ಟಣ, ರಾಮನಗರದ ಕಡೆ ಬಾಯಿಮಾತಿನಲ್ಲಿ ಆಲೆ ಮರ. ಆಂಧ್ರದ ಏಟಿಕೊಪ್ಪಾಕದಲ್ಲಿ ಅರಗಿನ ಬೊಂಬೆ ಮಾಡುವುದೂ ಇದೇ ಮರದಲ್ಲಿ. ಅಲ್ಲಿ ಇದಕ್ಕೆ ಅಂಕುಡು ಎನ್ನುತ್ತಾರೆ. ಮರ ಕೊಳ್ಳುವಾಗ ಹೆಸರನ್ನಷ್ಟೇ ನಂಬಬೇಡಿ. ಕರಾವಳಿ, ಮಲೆನಾಡಿನಲ್ಲಿ ಹಾಲೆ ಮರ ಎಂದರೆ ಹೆಚ್ಚಾಗಿ ಮದ್ದಾಲೆ; ಆಟಿ ಅಮಾವಾಸ್ಯೆಗೆ ತುಳುವರು ಕಷಾಯ ಮಾಡುವ ತೊಗಟೆ ಅದರದು. ಮದ್ದಾಲೆಯ ಮರ ಇನ್ನೂ ಹಗುರ, ಇನ್ನೂ ಮೆದು. ಅದರ ಹಲಗೆಯಲ್ಲಿ ಹಾಲಿನ ನಾಳಗಳು ಉಳಿಸಿದ ಸಣ್ಣ ಸೀಳುಗಳು ಕಾಣುತ್ತವೆ. ಹಲಗೆ, ಪೆಟ್ಟಿಗೆ, ಬೆಂಕಿಕಡ್ಡಿಗೆ ಅದು ಸರಿ, ಸಣ್ಣ ಕಡಸಲಿಗೆ, ಅಂದರೆ ಲೇತಿನಲ್ಲಿ ಕಡೆಯುವ ಕೆಲಸಕ್ಕೆ, ಸಾಲದು.

ನಿಂತ ಮರದಲ್ಲಿ ಗುರುತು ಸುಲಭ. ಮದ್ದಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ನಾಲ್ಕರಿಂದ ಏಳು ಇರುತ್ತವೆ. ನಮ್ಮ ಹಾಲೆಯಲ್ಲಿ ಎದುರುಬದುರಾಗಿ ಎರಡೇ. ಇನ್ನೊಂದು ನೆಂಟ ಕೊಡಸಿಗ. ಎಲೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ, ಕಾಯಿ ನೋಡಬೇಕು. ಹಾಲೆಯ ಜೋಡಿ ಕಾಯಿಗಳ ತುದಿಗಳು ಎಳೆಯದರಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಕೊಡಸಿಗದವು ಬಿಡಿಬಿಡಿ. ಕೊಡಸಿಗ ಸಿಕ್ಕರೂ ನಷ್ಟವೇನಿಲ್ಲ, ಅದೂ ಬಿಳಿಯ, ನಯವಾದ, ಕಡಸಲಿಗೆ ಬರುವ ಮರವೇ.

ಮರದ ಗುಣ

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಹಾಲೆ ಪೈನ್, ದೇವದಾರುಗಳ ಗುಂಪಿನದಲ್ಲ, ‘ಗಟ್ಟಿ ಮರ’ ಎಂದು ಕರೆಯುವ ಅಗಲ ಎಲೆಯ ಮರಗಳ ಗುಂಪಿನದು. ಆದರೂ ಉಳಿಗೆ ಮೆದು, ತೂಕ ಮಧ್ಯಮ. ಕಡಿದ ಹೊಸದರಲ್ಲಿ ಹಾಲಿನ ಬಿಳುಪು. ಗಾಳಿ ಬೆಳಕಿಗೆ ಬಂದಂತೆ ದಂತದ ಬಣ್ಣಕ್ಕೆ ತಿರುಗುತ್ತದೆ. ತೇಗದಲ್ಲಿರುವಂತೆ ಬಣ್ಣದ ಚೇಗು, ಬಿಳಿಯ ಹೊರಮರ ಎಂಬ ಭೇದ ಇದರಲ್ಲಿ ಕಾಣುವುದಿಲ್ಲ, ತಿರುಳಿನಿಂದ ತೊಗಟೆಯವರೆಗೂ ಒಂದೇ ಬಣ್ಣ. ರಂಧ್ರಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು ಮತ್ತು ಸಮನಾಗಿ ಹರಡಿದವು. ಎಳೆ ನೇರ. ಅಡ್ಡಡ್ಡ ಕಡಿದ ತುದಿಯೂ ಹರಿತ ಉಳಿಗೆ ನುಣ್ಣಗೆ ಬರುತ್ತದೆ.

ಅರಗಿನ ಕೆಲಸಕ್ಕೆ ಬೇಕಾದ ಗುಣ ಇದೇ. ರಂಧ್ರ ದೊಡ್ಡದಿದ್ದರೆ ಅರಗು ಅದರ ಮೇಲೆ ಸೇತುವೆ ಕಟ್ಟಿ ಕೂರುತ್ತದೆ. ಕೆಲವು ದಿನಕ್ಕೆ ಅಲ್ಲಲ್ಲಿ ಚುಕ್ಕೆಯಾಗಿ ಕುಸಿಯುತ್ತದೆ. ಹಾಲೆಯಲ್ಲಿ ಆ ತೊಂದರೆಯಿಲ್ಲ. ಮರವೇ ಬಿಳಿಯದಾದ್ದರಿಂದ ಅರಿಶಿನದಂಥ ತೆಳು ಬಣ್ಣವೂ ಕೆಳಗಿನ ಕಂದು ಸೇರಿ ಮಂಕಾಗುವುದಿಲ್ಲ. ಈಗ ಚನ್ನಪಟ್ಟಣದಲ್ಲೂ ರಬ್ಬರ್ ಮರ ಬಹಳ ಬಳಕೆಯಲ್ಲಿದೆ, ಅದರಲ್ಲೂ ಒಳ್ಳೆಯ ಕೆಲಸ ಬರುತ್ತದೆ. ಆದರೆ ಅದರ ರಂಧ್ರ ದೊಡ್ಡದು. ಸೂಕ್ಷ್ಮ ಅಂಚು, ತೆಳು ಕತ್ತು, ಸಣ್ಣ ಮಣಿ ಬೇಕಾದಲ್ಲಿ ಹಾಲೆಯೇ ಮೇಲು.

ದೌರ್ಬಲ್ಯಗಳೂ ಅಷ್ಟೇ ಖಚಿತ. ಮರ ದಪ್ಪವಾಗಿ ಬೆಳೆಯುವುದಿಲ್ಲ, ಅಗಲ ಹಲಗೆ ಸಿಗದು. ಮಳೆ, ಮಣ್ಣು ತಗಲಿದರೆ ಕೊಳೆಯುತ್ತದೆ. ಬಾಗಿಲು, ಕಿಟಕಿ, ಹೊರಗಿನ ಬೆಂಚಿಗೆ ಯೋಚಿಸಲೇಬೇಡಿ. ಹಸಿಯಲ್ಲಿ ಬಿಟ್ಟರೆ ನೀಲಿ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಕುಟ್ಟೆ ಹುಳು ಬರುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಪಿಷ್ಟ ಮರದ ತುಂಬ ಇದೆ.

ಬೊಂಬೆ, ಕುಂಕುಮ ಭರಣಿ, ಚದುರಂಗದ ಕಾಯಿ, ಬಾಚಣಿಗೆ, ಮಣಿ, ಬಳೆ, ಬುಗುರಿ, ಪೆನ್ನಿನ ಮೈ, ಸಣ್ಣ ಕೆತ್ತನೆ ಇವೆಲ್ಲ ಹಾಲೆಗೆ ಹೇಳಿಮಾಡಿಸಿದ ಕೆಲಸ.

ಮರ ತರುವಾಗ

ಚಳಿಗಾಲದ ಕೊನೆಯಲ್ಲಿ ಎಲೆ ಉದುರಿಸಿ ನಿಂತ ಮರ ಕಡಿಯುವುದು ಒಳ್ಳೆಯದು. ಮುಂದೆ ಬರುವ ಒಣ ತಿಂಗಳುಗಳಲ್ಲಿ ಬೂಷ್ಟಿಗೆ ಅವಕಾಶ ಸಿಗುವ ಮೊದಲೇ ಮರ ಒಣಗುತ್ತದೆ. ಜೂನ್, ಜುಲೈನಲ್ಲಿ ಕಡಿದ ದಿಮ್ಮಿ ಅಗ್ಗಕ್ಕೆ ಸಿಕ್ಕರೂ ಬೇಡ. ಹೊಲದ ಬದುವಿನ ಮರವಾದರೂ ಕಡಿಯುವ, ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅನುಮತಿ ಬೇಕೇ ಎಂದು ಕೇಳಿಕೊಳ್ಳಿ. ಬುಡ ಉಳಿಸಿ ಕಡಿದರೆ ಹಾಲೆ ಚೆನ್ನಾಗಿ ಚಿಗುರುತ್ತದೆ. ಬೇರು ಸಮೇತ ಕೀಳಿಸಬೇಡಿ.

ದಿಮ್ಮಿ ನೋಡುವಾಗ ಮೂರು ಕಡೆ ಕಣ್ಣಿಡಿ. ಕಡಿದ ತುದಿಯಲ್ಲಿ ಬೂದು, ನೀಲಿ ಛಾಯೆ ಇದೆಯೇ? ಇದ್ದರೆ ಎರಡು ಇಂಚು ಕತ್ತರಿಸಿ ನೋಡಿ. ಒಳಗೂ ಇದ್ದರೆ ಬಿಡಿ, ಉಜ್ಜಿದರೆ ಹೋಗುವ ಬಣ್ಣವಲ್ಲ ಅದು. ತೊಗಟೆಯಡಿ ಹಿಟ್ಟಿನಂಥ ಪುಡಿ ಉದುರುತ್ತಿದೆಯೇ? ಹುಳು ಆಗಲೇ ಒಳಗಿದೆ. ತಿರುಳು ಒಂದು ಬದಿಗೆ ಸರಿದಿದೆಯೇ? ಅದು ಬಾಗಿ ಬೆಳೆದ ಮರ, ಒಣಗುವಾಗ ಸೊಟ್ಟಾಗುತ್ತದೆ.

ಹಸಿ ಮರದ ಹಾಲು ಗರಗಸದ ಹಲ್ಲಿಗೆ ಅಂಟಿ ಗರಗಸ ಎಳೆಯದಂತೆ ಮಾಡುತ್ತದೆ. ಸೀಮೆಎಣ್ಣೆ ಅಥವಾ ಟರ್ಪಂಟೈನ್ ಅದ್ದಿದ ಬಟ್ಟೆಯಿಂದ ಆಗಾಗ ಒರೆಸಿ. ಹಾಲು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ.

ಒಣಗಿಸುವುದು

ಕಡಿದ ದಿನವೇ, ತಪ್ಪಿದರೆ ಮರುದಿನ, ಮಾಡಬೇಕಾದ ಕೆಲಸ ಇದು. ತೊಗಟೆ ಪೂರ್ತಿ ಸುಲಿಯಿರಿ. ಎರಡರಿಂದ ಮೂರು ಅಡಿ ಉದ್ದಕ್ಕೆ ತುಂಡು ಮಾಡಿ. ಎರಡೂ ತುದಿಗೆ ಕರಗಿದ ಮೇಣ ಅಥವಾ ಗಟ್ಟಿ ಎಣ್ಣೆಬಣ್ಣ ಬಳಿಯಿರಿ. ನೀರು ತುದಿಯಿಂದ ಬೇಗ ಆರುತ್ತದೆ, ಮಧ್ಯದಿಂದ ನಿಧಾನ. ತುದಿ ಕುಗ್ಗಿ ನಡು ಕುಗ್ಗದೆ ಉಳಿದರೆ ಸೀಳುತ್ತದೆ. ಮೇಣ ಈ ಅವಸರವನ್ನು ತಡೆಯುತ್ತದೆ. ಮೂರು ದಿನ ಬಿಟ್ಟು ಬಳಿದರೆ ಪ್ರಯೋಜನವಿಲ್ಲ, ಕಣ್ಣಿಗೆ ಕಾಣದ ಸೀಳು ಅಷ್ಟರಲ್ಲೇ ಶುರುವಾಗಿರುತ್ತದೆ.

ಮುಂದಿನದು ತಿರುಳಿನ ಪ್ರಶ್ನೆ. ಯಾವ ಮರವೂ ಬೆಳವಣಿಗೆಯ ಬಳೆಗಳ (ಕಡಿದ ತುದಿಯಲ್ಲಿ ಕಾಣುವ ಉಂಗುರಗಳ) ಸುತ್ತಿನ ದಿಕ್ಕಿನಲ್ಲಿ ಕುಗ್ಗುವಷ್ಟು ತಿರುಳಿನಿಂದ ಹೊರಗಿನ ದಿಕ್ಕಿನಲ್ಲಿ ಕುಗ್ಗುವುದಿಲ್ಲ. ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ. ದುಂಡು ದಿಮ್ಮಿಯನ್ನು ಹಾಗೇ ಒಣಗಿಸಿದರೆ ಈ ವ್ಯತ್ಯಾಸಕ್ಕೆ ಬೇರೆ ದಾರಿಯಿಲ್ಲದೆ ತೊಗಟೆಯ ಕಡೆಯಿಂದ ತಿರುಳಿನವರೆಗೆ ಒಂದು ಬಿರುಕು ಬಿಡುತ್ತದೆ. ಹಾಗಾಗಿ ನಾಲ್ಕು ಇಂಚಿಗಿಂತ ದಪ್ಪದ ದಿಮ್ಮಿಯನ್ನು ತಿರುಳಿನ ಮೇಲೆಯೇ ಎರಡು ಅಥವಾ ನಾಲ್ಕು ಸೀಳು ಮಾಡಿ. ಎರಡು ಇಂಚಿನ ಒಳಗಿನ ಕೊಂಬೆಗಳನ್ನು ದುಂಡಾಗಿಯೇ ಇಡಬಹುದು, ಅವನ್ನು ಮಣಿ, ಉಂಗುರ, ಚಕ್ರದಂಥ ನಡುವೆ ತೂತು ಬೀಳುವ ವಸ್ತುಗಳಿಗೆ ಮೀಸಲಿಡಿ. ತೂತು ಕೊರೆಯುವಾಗ ತಿರುಳು ತಾನೇ ಹೋಗುತ್ತದೆ.

ಪೇರಿಸುವ ಜಾಗ ನೆರಳಿನದಾಗಿರಲಿ, ನಾಲ್ಕೂ ಕಡೆ ಗಾಳಿ ಆಡಲಿ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಇಟ್ಟಿಗೆ ಅಥವಾ ಕಲ್ಲಿನ ಮೇಲೆ ಮೊದಲ ಸಾಲು. ಸಾಲು ಸಾಲಿನ ನಡುವೆ ಒಂದು ಇಂಚು ದಪ್ಪದ ಒಣ ರೀಪು, ಎಲ್ಲ ರೀಪುಗಳೂ ಒಂದರ ಮೇಲೊಂದು ನೇರಕ್ಕೆ ಬರುವಂತೆ. ಹಸಿ ರೀಪು ಇಟ್ಟರೆ ಅದು ತಗಲಿದ ಜಾಗದಲ್ಲೇ ಬೂಷ್ಟಿನ ಪಟ್ಟೆ ಮೂಡುತ್ತದೆ. ಬಿಸಿಲಲ್ಲಿ ಹರಡಬೇಡಿ. ಹಾಗೆಂದು ಮುಚ್ಚಿದ ಕೋಣೆಯಲ್ಲೂ ಇಡಬೇಡಿ. ಪ್ಲಾಸ್ಟಿಕ್ ಹೊದಿಸುವುದಂತೂ ಬೂಷ್ಟನ್ನು ಸಾಕಿದಂತೆ. ಮರದ ತೇವ ಶೇ. 20ಕ್ಕಿಂತ ಇಳಿದರೆ ಬೂಷ್ಟು ಬೆಳೆಯದು. ಮೊದಲ ಮೂರ್ನಾಲ್ಕು ವಾರ ಗಾಳಿ ಚೆನ್ನಾಗಿ ಆಡುವುದೇ ಮುಖ್ಯ.

ಎಷ್ಟು ದಿನ? ಎರಡು ಇಂಚಿನ ತುಂಡಿಗೆ ಬಯಲುಸೀಮೆಯ ಬೇಸಗೆಯಲ್ಲಿ ಎರಡು, ಮೂರು ತಿಂಗಳು. ಮಳೆಗಾಲ ನಡುವೆ ಬಂದರೆ ನಾಲ್ಕಕ್ಕೂ ಹೋಗುತ್ತದೆ. ಕ್ಯಾಲೆಂಡರ್ ನೋಡುವುದಕ್ಕಿಂತ ತಕ್ಕಡಿ ನೋಡುವುದು ಮೇಲು. ರಾಶಿಯ ನಡುವಿನಿಂದ ಎರಡು ತುಂಡಿಗೆ ಗುರುತು ಹಾಕಿ, ವಾರಕ್ಕೊಮ್ಮೆ ತೂಗಿ ತುಂಡಿನ ಮೇಲೆಯೇ ಪೆನ್ಸಿಲಿನಲ್ಲಿ ಬರೆಯಿರಿ. ಸತತ ಮೂರು ವಾರ ತೂಕ ಇಳಿಯದಿದ್ದರೆ ಗಾಳಿಯಲ್ಲಿ ಒಣಗುವಷ್ಟು ಒಣಗಿದೆ.

ಅಂಕಿಯೇ ಬೇಕೆಂದರೆ ಒವನ್ ಪರೀಕ್ಷೆ ಮಾಡಿ. ತುಂಡಿನ ನಡುವಿನಿಂದ ಅರ್ಧ ಇಂಚು ದಪ್ಪದ ಬಿಲ್ಲೆ ಕೊಯ್ದು ತಕ್ಷಣ ತೂಗಿ. 103 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಗಂಟೆಗೊಮ್ಮೆ ತೂಗುತ್ತಿರಿ. ಮೊದಲು 56 ಗ್ರಾಂ, ಕೊನೆಗೆ 50 ಗ್ರಾಂ ಬಂದರೆ ಕಳೆದದ್ದು 6. ಅದನ್ನು ಒಣ ತೂಕ 50ರಿಂದ ಭಾಗಿಸಿ, ತೇವ ಶೇ. 12. ಬೆಂಗಳೂರು, ಮೈಸೂರಿನ ಮನೆಯೊಳಗಿನ ವಸ್ತುವಿಗೆ ಶೇ. 10ರಿಂದ 12 ಸರಿ. ಶೇ. 15 ದಾಟಿದ ಮರಕ್ಕೆ ಅರಗು ಹಚ್ಚಬೇಡಿ.

ಹುಳುವಿನ ವಿಚಾರದಲ್ಲಿ ಒಂದು ಎಚ್ಚರಿಕೆ. ಕಟ್ಟಡದ ಮರಕ್ಕೆ ಬೋರಿಕ್ ಆಸಿಡ್, ಬೋರಾಕ್ಸ್ ದ್ರಾವಣ ಹಾಕುವುದು ರೂಢಿ. ಮಗು ಬಾಯಿಗಿಡುವ ಆಟಿಕೆಗೆ ಅದು ಬೇಡ. ಅಲ್ಲಿ ಶಾಖವೇ ಮದ್ದು: ಮರದ ನಡುಭಾಗ 56 ಡಿಗ್ರಿ ತಲುಪಿ ಆ ಶಾಖದಲ್ಲಿ ಸತತ 30 ನಿಮಿಷ ಇರಬೇಕು. ಪ್ಯಾಕಿಂಗ್ ಮರಕ್ಕೆ ಅಂತರರಾಷ್ಟ್ರೀಯ ನಿಯಮ ಕೇಳುವುದೂ ಇದನ್ನೇ. ಹತ್ತಿರದ ಒಣಗಿಸುವ ಘಟಕದಲ್ಲಿ ಮಾಡಿಸಿಕೊಳ್ಳಬಹುದು. ಇದರಿಂದ ಒಳಗಿರುವ ಹುಳು ಸಾಯುತ್ತದೆ, ಹೊಸದಾಗಿ ಬರುವುದಕ್ಕೆ ತಡೆಯಾಗುವುದಿಲ್ಲ. ಒಣ ದಾಸ್ತಾನನ್ನು ಹಳೆಯ ಕುಟ್ಟೆ ಮರದ ಪಕ್ಕ ಇಡಬೇಡಿ.

ಲೇತಿನ ಮೇಲೆ

ಚನ್ನಪಟ್ಟಣದ ಪದ್ಧತಿಯಲ್ಲಿ ತುಂಡಿನ ಒಂದು ತುದಿಯನ್ನು ಸ್ವಲ್ಪ ಮೊನಚಾಗಿ ಕೆತ್ತಿ, ಲೇತಿನ ಟೊಳ್ಳು ಬಟ್ಟಲಿಗೆ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಇನ್ನೊಂದು ತುದಿ ಬಿಡುವಾಗಿರುವುದರಿಂದ ವಸ್ತುವಿನ ತಲೆಯವರೆಗೂ ಉಳಿ, ಅರಗು ಎರಡೂ ತಲಪುತ್ತವೆ. ಹೀಗೆ ಹಿಡಿಸುವಾಗ ಬಟ್ಟಲಿನಿಂದ ಹೊರಚಾಚಿದ ಉದ್ದ ವ್ಯಾಸದ ಮೂರು ಪಟ್ಟಿಗಿಂತ ಹೆಚ್ಚಿರದಿದ್ದರೆ ಕ್ಷೇಮ. ಅದಕ್ಕಿಂತ ಉದ್ದವಾದರೆ ತುದಿ ನಡುಗಿ, ಮೈಮೇಲೆ ಸುರುಳಿ ಗೆರೆ ಬೀಳುತ್ತದೆ.

ಎರಡು ಇಂಚಿನ ತುಂಡನ್ನು ದುಂಡು ಮಾಡುವಾಗ ನಿಮಿಷಕ್ಕೆ ಸುಮಾರು 1000 ಸುತ್ತು ಸಾಕು, ದುಂಡಾದ ಮೇಲೆ 1500ರಿಂದ 2000ಕ್ಕೆ ಏರಿಸಿ. ಮೊದಲು ಗುಳಿ ಉಳಿ, ಆಮೇಲೆ ಓರೆ ಬಾಯಿಯ ಚಪ್ಪಟೆ ಉಳಿ. ಹಾಲೆಯಲ್ಲಿ ಓರೆ ಉಳಿ ಸರಿಯಾಗಿ ಹರಿತವಿದ್ದರೆ ಉದ್ದನೆಯ ತೆಳು ಸುರುಳಿ ಬಿಚ್ಚಿಕೊಂಡು ಬರುತ್ತದೆ, ಮೈ ಹಾಗೆಯೇ ಮಿನುಗುತ್ತದೆ. ಸುರುಳಿಯ ಬದಲು ಪುಡಿ ಬಂದರೆ ಉಳಿ ಮಸೆಯುವ ಸಮಯ. ಉಳಿಯನ್ನು ಒತ್ತಿ ಕೆರೆದರೆ ಮೆದು ಮರದ ನಾರು ಕತ್ತರಿಸದೆ ಮಲಗುತ್ತದೆ, ಅರಗಿನ ಬಿಸಿ ತಗಲಿದಾಗ ಎದ್ದು ನಿಂತು ಬಣ್ಣ ದೊರಗಾಗುತ್ತದೆ. ಅರಗು ಹಚ್ಚಿದ ಮೇಲೆ ಕಾಣುವ ದೊರಗಿಗೆ ಮುಕ್ಕಾಲು ಪಾಲು ಕಾರಣ ಮೊಂಡು ಉಳಿಯೇ.

ಸ್ಯಾಂಡ್ ಪೇಪರ್ ಮೊದಲು 120 ನಂಬರಿನದು, ಆಮೇಲೆ 180, ಅಷ್ಟಕ್ಕೆ ನಿಲ್ಲಿಸಿ. ಅರಗಿಗೆ ಹಿಡಿತ ಬೇಕು. ಗಾಜಿನಂತೆ ಉಜ್ಜಿದ ಮೈ ಬೇಡ. ಬಣ್ಣವಿಲ್ಲದೆ ಮೇಣ ಅಥವಾ ಎಣ್ಣೆ ಮಾತ್ರ ಹಚ್ಚುವ ವಸ್ತುವಾದರೆ 320ರವರೆಗೆ ಹೋಗಿ. ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ಒದ್ದೆ ಬಟ್ಟೆ ತಾಕಿಸಬೇಡಿ. ಪುಡಿ ನುಣ್ಣಗಿರುವುದರಿಂದ ಮೂಗಿಗೆ ಮಾಸ್ಕ್ ಇರಲಿ.

ಭರಣಿ, ಡಬ್ಬಿಗಳನ್ನು ಎರಡು ಸಲಕ್ಕೆ ಕಡೆಯಬೇಕು. ಮೊದಲ ಸಲ ಒಳಗೆ ಟೊಳ್ಳು ಮಾಡಿ, ಗೋಡೆಯ ದಪ್ಪವನ್ನು ವ್ಯಾಸದ ಹತ್ತರಲ್ಲಿ ಒಂದು ಪಾಲು ಉಳಿಸಿ, ಎರಡು, ಮೂರು ವಾರ ಬಿಡಿ. ಒಳಗಿನ ಸೆಳೆತ ಬಿಟ್ಟು ಮರ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಮೇಲೆ ಮತ್ತೆ ಲೇತಿಗೇರಿಸಿ ಅಂತಿಮ ಅಳತೆಗೆ ತನ್ನಿ. ಬೇಸಗೆಯಲ್ಲಿ ಮಾಡಿದ ಮುಚ್ಚಳವನ್ನು ತುಸು ಸಡಿಲವಾಗಿಯೇ ಬಿಡಿ. ಮಳೆಗಾಲದ ತೇವಕ್ಕೆ ಮರ ಉಬ್ಬಿದಾಗ ಬಿಗಿ ಮುಚ್ಚಳ ತೆಗೆಯಲು ಬರುವುದಿಲ್ಲ, ಬಲವಂತ ಮಾಡಿದರೆ ಅಂಚು ಸೀಳುತ್ತದೆ.

ಅರಗಿನ ಕಡ್ಡಿ

ಅರಗು ಎಂದರೆ ಅರಗಿನ ಹುಳು ಜಾಲಿ, ಮುತ್ತುಗ, ಬೋರೆಯಂಥ ಮರದ ಕೊಂಬೆಯ ಮೇಲೆ ಸುರಿಸುವ ರಾಳ. ಅಂಗಡಿಯಲ್ಲಿ ಕಾಳಿನ ರೂಪದಲ್ಲಿ ಅಥವಾ ತೆಳು ಚಕ್ಕೆಯಾಗಿ ಸಿಗುತ್ತದೆ. 100 ಗ್ರಾಂ ಅರಗಿಗೆ 5ರಿಂದ 10 ಗ್ರಾಂ ಬಣ್ಣದ ಪುಡಿ ಸಾಕು. ಹಳದಿಗೆ ಅರಿಶಿನ, ಕಂದಿಗೆ ಕಾಚು, ನೀಲಿಗೆ ನೀಲಿಗಿಡದ ಪುಡಿ. ಅರಿಶಿನದ ಮೇಲೆ ನೀಲಿ ಸೇರಿಸಿದರೆ ಹಸಿರು. ಅರಿಶಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ, ಕಿಟಕಿಯ ಬಳಿ ಇಡುವ ವಸ್ತುವಿಗೆ ಅದನ್ನು ನಂಬಬೇಡಿ. ಪೇಟೆಯ ಬಣ್ಣ ಬಳಸುವುದಾದರೆ ಸೀಸ, ಕ್ರೋಮಿಯಂ ಇಲ್ಲದ, ಆಟಿಕೆಗೆ ಯೋಗ್ಯವೆಂದು ಪ್ರಮಾಣಪತ್ರವಿರುವುದನ್ನೇ ಕೊಳ್ಳಿ.

ಕೆಂಡದ ಮೇಲೆ, ಜ್ವಾಲೆಯ ಮೇಲಲ್ಲ, ಅರಗನ್ನು ಮೆದುವಾಗುವಷ್ಟೇ ಕಾಯಿಸಿ. ಬಣ್ಣ ಸೇರಿಸಿ ಕಲ್ಲಿನ ಮೇಲೆ ಬಡಿದು, ಎರಡು ಕಡ್ಡಿಗಳ ನಡುವೆ ಎಳೆದು, ಮಡಚಿ, ಮತ್ತೆ ಎಳೆಯಿರಿ. ಬಣ್ಣ ಎಲ್ಲೂ ಗೆರೆಯಾಗಿ ಉಳಿಯದೆ ರೇಷ್ಮೆಯ ಹೊಳಪು ಬಂದಾಗ ಬೆರಳು ದಪ್ಪದ ಕಡ್ಡಿಯಾಗಿ ಹೊಸೆಯಿರಿ. ಅತಿಯಾಗಿ ಅಥವಾ ಪದೇ ಪದೇ ಕಾಯಿಸಿದ ಅರಗು ರಬ್ಬರಿನಂತಾಗುತ್ತದೆ. ಮತ್ತೆಷ್ಟು ಕಾಯಿಸಿದರೂ ಅದು ಕರಗದು, ಬಿಸಾಡಲೇಬೇಕು.

ಹಚ್ಚುವುದು

ಸುತ್ತುವ ಮರಕ್ಕೆ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಎರಡು ಇಂಚು ವ್ಯಾಸಕ್ಕೆ 1200ರಿಂದ 1500 ಸುತ್ತು, ಒಂದು ಇಂಚಿನ ಮಣಿಗೆ ಅದರ ಸುಮಾರು ಎರಡರಷ್ಟು. ಮೊದಲ ಸಲ ಇಡೀ ಮೈಗೆ ತೆಳುವಾಗಿ, ಪಟ್ಟೆ ಪಟ್ಟೆಯಾಗಿ ಬಂದರೂ ಚಿಂತೆಯಿಲ್ಲ. ಎರಡನೆಯ ಸಲ ಪಟ್ಟೆಗಳ ನಡುವಿನ ಖಾಲಿ ತುಂಬಿಸಿ.

ಆಮೇಲೆ ತಾಳೆಗರಿ, ಅಂದರೆ ಒಣಗಿಸಿದ ಕೇದಗೆಯ ಎಲೆ. ಅಂಚಿನ ಮುಳ್ಳು ತೆಗೆದು, ಒಂದು ಗೇಣು ಉದ್ದಕ್ಕೆ ಕತ್ತರಿಸಿ, ಮಡಚಿ, ನುಣುಪಾದ ಬದಿಯನ್ನು ಮರಕ್ಕೆ ಒತ್ತಿ. ಎಲೆಯನ್ನು ಒಂದೇ ಕಡೆ ನಿಲ್ಲಿಸದೆ ನಿಧಾನವಾಗಿ ಎಡದಿಂದ ಬಲಕ್ಕೆ ಸರಿಸುತ್ತ ಹೋದಂತೆ ಅರಗು ಮತ್ತೆ ಬಿಸಿಯಾಗಿ ಸಮನಾಗಿ ಹರಡುತ್ತದೆ, ಮಂಕಾಗಿದ್ದ ಮೈ ಕಣ್ಣೆದುರೇ ಹೊಳೆಯುತ್ತದೆ. ಬಟ್ಟೆಯಿಂದ ಈ ಕೆಲಸ ಆಗದು, ಅದರ ನೂಲು ಅರಗಿಗೆ ಅಂಟುತ್ತದೆ. ಎರಡು ಬಣ್ಣ ಕೂಡುವಲ್ಲಿ ತಿಳಿಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಗಡಿ ಕಲೆಸಿದ್ದರೆ ಓರೆ ಉಳಿಯ ಮೂಲೆಯಿಂದ ಕೂದಲೆಳೆಯಷ್ಟು ಗೀರು ಎಳೆದರೆ ಚೊಕ್ಕವಾಗುತ್ತದೆ.

ಕೆಡುವ ರೀತಿಗಳು ಕೆಲವೇ. ಅರಗು ಕರಗದೆ ಪುಡಿಯಾಗಿ ಉದುರಿದರೆ ವೇಗ ಸಾಲದು ಅಥವಾ ಚಳಿಗೆ ಕಡ್ಡಿ ಗಟ್ಟಿಯಾಗಿದೆ. ಕಡ್ಡಿಯ ತುದಿಯನ್ನು ಕೆಂಡದ ಬಳಿ ಹಿಡಿದು ಹಚ್ಚಿ. ಕಪ್ಪು ಗೆರೆ ಬಿದ್ದರೆ ಒಂದೇ ಕಡೆ ಒತ್ತಿದ್ದು ಹೆಚ್ಚಾಗಿದೆ. ಹಚ್ಚಿದಾಗ ಚೆನ್ನಾಗಿದ್ದು ವಾರದ ಮೇಲೆ ಗುಳ್ಳೆ ಎದ್ದು ಸಿಪ್ಪೆಯಾಗಿ ಬಂದರೆ ಮರ ಹಸಿಯಾಗಿತ್ತು. ಅದನ್ನು ಮೇಲಿನಿಂದ ಸರಿಪಡಿಸಲಾಗದು. ಕಡೆದು ತೆಗೆದು, ಒಣಗಿಸಿ, ಮತ್ತೆ ಹಚ್ಚಬೇಕು.

ಜೋಡಣೆ ಮತ್ತು ಬಳಕೆ

ತಲೆ, ಕೈ, ಚಕ್ರದ ಅಚ್ಚು ಮುಂತಾದ ಬಿಡಿಭಾಗಗಳನ್ನು ಕೂರಿಸುವ ಗೂಟಕ್ಕೂ ತೂತಿಗೂ ಅರಗು ತಾಗಬಾರದು. ಅಂಟು ಮರವನ್ನು ಹಿಡಿಯುತ್ತದೆ, ಅರಗನ್ನಲ್ಲ. ಮೊಳೆ ಹೊಡೆಯಬೇಕಾದರೆ ಮೊದಲು ಮೊಳೆಗಿಂತ ಸಣ್ಣ ತೂತು ಕೊರೆಯಿರಿ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸಿ. ಇದಕ್ಕೆಂದೇ ಇರುವ 31.7 ಮಿ.ಮೀ. ವ್ಯಾಸದ ಕೊಳವೆಯೊಳಗೆ ಪೂರ್ತಿ ಇಳಿಯುವ ಭಾಗ ಗಂಟಲಿಗೂ ಇಳಿಯಬಲ್ಲದು. ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ಮಾಡುವ ಆಟಿಕೆಗಳಿಗೆ ವಿನಾಯಿತಿ ಕೊಡಲಾಗಿದೆ.

ಕೊಳ್ಳುವವರಿಗೆ ಹೇಳಬೇಕಾದ್ದು: ಅರಗಿನ ವಸ್ತುವನ್ನು ಒಣ ಬಟ್ಟೆಯಿಂದ ಮಾತ್ರ ಒರೆಸಬೇಕು. ಸ್ಯಾನಿಟೈಸರ್, ಸ್ಪಿರಿಟ್ ತಾಗಿದರೆ ಬಣ್ಣ ಕರಗುತ್ತದೆ, ಬಿಸಿನೀರಿಗೆ ಅರಗು ಮೆದುವಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಂಕಾದ ಹಳೆಯ ಬೊಂಬೆಗೆ ಹೊಸ ಬಣ್ಣ ಬೇಕಿಲ್ಲ. ಲೇತಿಗೆ ಹಿಡಿಸಲು ಆಗುವಂತಿದ್ದರೆ ಅದೇ ಬಣ್ಣದ ಕಡ್ಡಿಯನ್ನು ಒಮ್ಮೆ ತೆಳುವಾಗಿ ತಾಗಿಸಿ ತಾಳೆಗರಿ ಹಿಡಿದರೆ ಸಾಕು, ಹಳೆಯ ಅರಗೇ ಕರಗಿ ಹೊಸದರೊಂದಿಗೆ ಬೆಸೆಯುತ್ತದೆ.